ಮೂರನೆಯ ಸನ್ನೆ

ನೀಲಗಿರಿ ಎಣ್ಣೆಯ ವಾಸನೆ ಮೂಗಿಗೆ ಬಿದ್ದರೆ ಸಾಕು, ಇಂದಿಗೂ ನನಗೆ ಮೊದಲು ನೆನಪಾಗುವುದು ಶಿವಪುರದ ಪಕ್ಕದ ನಮ್ಮ ಹಳೆಯ ಮನೆಯ ಪಡಸಾಲೆ. ಮೊನ್ನೆ ಸಂಜೆ ಸೊಸೆ ಕೊಬ್ಬರಿ ಎಣ್ಣೆಗೆ ಅದನ್ನು ಬೆರೆಸಿ ಬಿಸಿ ಮಾಡಿ ಬಟ್ಟಲಲ್ಲಿ ತಂದಿಟ್ಟಿದ್ದಳು. ನಾನು ಕುರ್ಚಿಯಲ್ಲಿ ಕೂತು ನನ್ನ ಮುದಿ ಮಂಡಿಗೆ ತಿಕ್ಕಿಕೊಳ್ಳುತ್ತಿದ್ದೆ. ಎದುರಿಗೆ ಟಿವಿಯಲ್ಲಿ ಕಬಡ್ಡಿ ನಡೆಯುತ್ತಿತ್ತು. ಹಿಡಿತಕ್ಕೆ ಸಿಕ್ಕವನು ಎದ್ದು ನಿಂತು ಹಿಡಿದವನ ಎದೆಗೆ ಎದೆ ಕೊಟ್ಟ, ಇವನು ನೂಕಿದ, ಎರಡೂ ಕಡೆಯವರು ನುಗ್ಗಿದರು. ಅದನ್ನೇ ನಿಧಾನ ಮಾಡಿ ಮತ್ತೆ ಮತ್ತೆ ತೋರಿಸಿದರು. ನನ್ನ ಮಗ, ಇಂಥವರನ್ನು ನೋಡಿಯೇ ಹುಡುಗರು ಕೆಡುವುದು ಎಂದ. ನನ್ನ ಕೈ ಮಂಡಿಯ ಮೇಲೆ ಹಾಗೇ ನಿಂತುಬಿಟ್ಟಿತು. ಹೆಚ್ಚುಕಡಿಮೆ ಅರವತ್ತು ವರ್ಷದ ಹಿಂದೆ ಇದೇ ಮಾತನ್ನು ನಮ್ಮ ಮನೆಯಲ್ಲಿ ನನ್ನ ಚಿಕ್ಕಪ್ಪ ಹೇಳಿದ್ದ. ಆ ದಿನ ನಾನು ತಲೆಯಾಡಿಸಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಆ ನಿಜದಲ್ಲಿ ಕಮ್ಮಿ ಬಿದ್ದಿದ್ದ ಪಾಲು ನನ್ನದು. ಎಸ್ಸೆಸ್ಸೆಲ್ಸಿ ಓದಿದವನು ನಾನು, ದೊಡ್ಡ ಬರವಣಿಗೆ ಗೊತ್ತಿಲ್ಲ. ಆದರೆ ಇದನ್ನು ಬರೆಯದೆ ಸಾಯಬಾರದು ಅನ್ನಿಸಿತು.

ನಿಮಗೂ ಅಂಥ ಮನೆಯೊಂದು ಇದ್ದೀತು. ಈಗ ಕಣ್ಣು ಮುಚ್ಚಿದರೆ ಮಾತ್ರ ಬಾಗಿಲು ತೆರೆಯುವ ಮನೆ. ನಮ್ಮದು ಹೆದ್ದಾರಿಗೆ ಬೆನ್ನು ಮಾಡಿ ನಿಂತಿದ್ದ ನಾಡಹೆಂಚಿನ ಮನೆ. ನನ್ನ ಅಪ್ಪ ನಾನು ನಡೆಯಲು ಕಲಿಯುವ ಮುಂಚೆಯೇ ತೀರಿಕೊಂಡಿದ್ದ. ಚಿಕ್ಕಪ್ಪ ನನ್ನನ್ನೂ ನನ್ನ ಅವ್ವನನ್ನೂ ಒಂದು ದಿನವೂ ಬೇರೆಯವರೆಂದು ಕಾಣಲಿಲ್ಲ. ಅವನ ಮಗ ನಂಜುಂಡ ನನಗಿಂತ ಮೂರು ತಿಂಗಳಿಗೆ ದೊಡ್ಡವನು. ಒಂದೇ ತಾನಿನ ಬಟ್ಟೆಯಲ್ಲಿ ಇಬ್ಬರಿಗೂ ಚಡ್ಡಿ ಹೊಲಿಸುತ್ತಿದ್ದರು. ಚಿಕ್ಕವ್ವ ಬಸ್ಸಾರಿಗೆ ಮುದ್ದೆ ಹಾಕುವಾಗ ಇಬ್ಬರ ಮುದ್ದೆಯನ್ನೂ ಅಂಗೈಯಲ್ಲಿ ತೂಗಿ ನೋಡಿ ಹಾಕುತ್ತಿದ್ದಳು. ಚಿಕ್ಕಪ್ಪ ನಮ್ಮೂರ ಕಬಡ್ಡಿ ತಂಡದ ಹಿರಿಯ. ಸುಗ್ಗಿ ಮುಗಿದು ಪಂದ್ಯಗಳು ಶುರುವಾದರೆ, ಹಣ ಕೊಟ್ಟು ಹೊರಗಿನಿಂದ ಕರೆಸಿದ ಆಟಗಾರರು ನಮ್ಮ ಮನೆಯಲ್ಲೇ ಉಳಿಯುತ್ತಿದ್ದರು. ಊರ ಪರವಾಗಿ ಆಡುವವರು ಹೋಟೆಲಿನಲ್ಲಿ ಉಣ್ಣಬಾರದು ಎಂಬುದು ಚಿಕ್ಕಪ್ಪ ತಾನೇ ಮಾಡಿಕೊಂಡಿದ್ದ ಕಟ್ಟಳೆ. ಪಡಸಾಲೆಯುದ್ದಕ್ಕೂ ಚಾಪೆಗಳು, ಕಂಬಕ್ಕೆ ನೇತುಹಾಕಿದ ಬನಿಯನ್ನುಗಳು, ಕಾಲು ಚಾಚಿ ಸಾಲಾಗಿ ಕೂತ ಗಂಡಸರು, ಅವರ ಮಂಡಿಗಳಿಂದ ಏಳುವ ಆ ಘಾಟು. ಒಳಗೆ ಚಿಕ್ಕವ್ವನೂ ನನ್ನ ಅವ್ವನೂ ಕೋಳಿ ಸಾರಿಗೆ ಖಾರ ಅರೆಯುವ ಸದ್ದು. ಗಂಡಸಾಗುವುದು ಎಂದರೆ ಆ ಸಾಲಿನಲ್ಲಿ ಒಂದು ಚಾಪೆ ಸಿಗುವುದು ಎಂದೇ ನಾನು ತಿಳಿದಿದ್ದೆ.

ಆ ಸಾಲಿನಲ್ಲಿ ಗೋಡೆಯ ಕಡೆಯ ಮೊದಲ ಚಾಪೆ ಮಾದೇಶಣ್ಣನದು. ಬೆಂಗಳೂರಿನ ಒಂದು ಕಾರ್ಖಾನೆಯವರು ಕಬಡ್ಡಿ ಆಡುತ್ತಾನೆಂದೇ ಅವನಿಗೆ ಕೆಲಸ ಕೊಟ್ಟಿದ್ದರು. ಅಲ್ಲಿ ರಜೆ ಸಿಕ್ಕಾಗ ಅವನು ಊರೂರಿಗೆ ಕೂಲಿ ಆಟಕ್ಕೆ ಹೋಗುತ್ತಿದ್ದ. ಗಿಡ್ಡ ಆಳು, ಎಮ್ಮೆಯ ಕತ್ತಿನಂಥ ಕತ್ತು, ಮುರಿದು ಕೂಡಿಕೊಂಡ ಮೂಗು. ಮನೆಯಲ್ಲಿ ಅವನಷ್ಟು ಮೆತ್ತನೆಯವನು ಇರಲಿಲ್ಲ. ಚಿಕ್ಕವ್ವ ನೀರು ಸೇದುವುದು ಕಂಡರೆ ಎದ್ದು ಹೋಗಿ ಹಗ್ಗ ಇಸಿದುಕೊಳ್ಳುತ್ತಿದ್ದ. ಅಂಕಣಕ್ಕೆ ಇಳಿದರೆ ಬೇರೆಯೇ ಮನುಷ್ಯ. ಹಿಡಿದವನನ್ನು ಸುಮ್ಮನೆ ಕೆಡವುತ್ತಿರಲಿಲ್ಲ. ಮೇಲೆ ಬಿದ್ದವರ ರಾಶಿಯ ಅಡಿಯಲ್ಲಿ, ರೆಫ್ರಿಯ ಕಣ್ಣಿಗೆ ಕಾಣದ ಹಾಗೆ, ಮಂಡಿಯಿಂದ ಒಂದು ಕೊಡುತ್ತಿದ್ದ. ಪೆಟ್ಟು ತಿಂದವನು ಎದ್ದು ಕೈಯೆತ್ತುತ್ತಿದ್ದ. ಆಮೇಲೆ ಎರಡೂ ತಂಡ, ಎರಡೂ ಊರು. ಮದ್ದೂರಿನಿಂದ, ಮಂಡ್ಯದಿಂದ ಸೈಕಲ್ ತುಳಿದುಕೊಂಡು ಜನ ಬರುತ್ತಿದ್ದುದೇ ಅದಕ್ಕೆ. ಯಾರು ಗೆದ್ದರು ಎಂದು ಕೇಳುವವರು ಕಡಿಮೆ, ಇನ್ನೂ ಶುರುವಾಗಿಲ್ವಾ ಎಂದು ಕೇಳುವವರೇ ಹೆಚ್ಚು. ಜಗಳವಿಲ್ಲದೆ ಮುಗಿದ ಪಂದ್ಯವನ್ನು ಉಪ್ಪಿಲ್ಲದ ಸಾರು ಎಂದು ಬೈದುಕೊಂಡು ಸೈಕಲ್ ಹತ್ತುತ್ತಿದ್ದರು. ಮಾರನೆಯ ದಿನ ಶಾಲೆಯ ಬಯಲಲ್ಲಿ ನಾವು ಹುಡುಗರು ಆಡುತ್ತಿದ್ದುದು ಮಾದೇಶಣ್ಣನ ಆಟವನ್ನಲ್ಲ, ಅವನ ಜಗಳವನ್ನು. ಒಬ್ಬ ಅವನಾಗುತ್ತಿದ್ದ, ಒಬ್ಬ ಪೆಟ್ಟು ತಿಂದವನಾಗುತ್ತಿದ್ದ, ಉಳಿದವರೆಲ್ಲ ಊರು. ಚಿಕ್ಕಪ್ಪನಿಗೆ ಇದು ಸೇರುತ್ತಿರಲಿಲ್ಲ. ಉಸಿರು ಮತ್ತು ಮರ್ಯಾದೆ, ಇವೆರಡಿದ್ದರೆ ಮಾತ್ರ ಅದು ಕಬಡ್ಡಿ ಎನ್ನುತ್ತಿದ್ದ. ಆದರೂ ಮಾದೇಶಣ್ಣನನ್ನು ಕರೆಸುತ್ತಿದ್ದ. ಕರೆಸದಿದ್ದರೆ ಜನ ಸೇರುತ್ತಿರಲಿಲ್ಲ.

ಕಬಡ್ಡಿಯಲ್ಲಿ ಎದುರಾಳಿ ದಾಳಿಗೆ ಬಂದಾಗ ಹಿಡಿಯುವವರು ಇಬ್ಬಿಬ್ಬರಾಗಿ ಕೈ ಹಿಡಿದುಕೊಂಡು ನಿಲ್ಲುವುದುಂಟು. ನಂಜನೂ ನಾನೂ ಅಂಥ ಜೋಡಿ. ಎಡಮೂಲೆಯಲ್ಲಿ ಅವನು, ಅವನ ಪಕ್ಕಕ್ಕೆ ನಾನು. ನಮ್ಮ ಕಣದಲ್ಲಿ ಬೆಳಿಗ್ಗೆ ಬೆಳಿಗ್ಗೆ ಮಾದೇಶಣ್ಣ ನಮ್ಮಿಬ್ಬರಿಗೆ ಕೈಯ ಸನ್ನೆ ಕಲಿಸಿದ. ಬಾಯಲ್ಲಿ ಹೇಳಿದರೆ ಎದುರಾಳಿಗೆ ಕೇಳುತ್ತದೆ, ಕಣ್ಣಲ್ಲಿ ಹೇಳಿದರೆ ಕಾಣುತ್ತದೆ, ಅಂಗೈಯಲ್ಲಿ ಹೇಳಿದರೆ ಇಬ್ಬರಿಗೇ. ಒಂದು ಸಲ ಅಮುಕಿದರೆ ತಡಿ ಎಂದು. ಎರಡು ಸಲ ಅಮುಕಿದರೆ ನುಗ್ಗು ಎಂದು. ಜೋಡಿಯಲ್ಲಿ ಒಳಗೆ ನಿಂತವನಿಗೆ ಅಂಕಣವೆಲ್ಲ ಕಾಣುತ್ತದೆ, ಅದಕ್ಕೇ ಅಮುಕುವುದು ನಾನು, ನುಗ್ಗುವುದು ನಂಜ. ಯೋಚನೆ ಮಾಡಬಾರದು, ಅಮುಕಿದ್ದು ಕೈಗೆ ಗೊತ್ತಾಗುವಷ್ಟರಲ್ಲಿ ಕಾಲು ಎದ್ದಿರಬೇಕು ಎಂದು ಸಾವಿರ ಸಲ ಮಾಡಿಸಿದ. ಹಾಗೆ ಮಾಡಿಸುತ್ತಾ ಒಂದು ದಿನ ನಗುತ್ತಾ ಮೂರನೆಯದನ್ನೂ ಹೇಳಿಕೊಟ್ಟ. ಮೂರು ಸಲ ಅಮುಕಿದರೆ ಹಿಡಿದು ಮಂಡಿ ಕೊಡು ಎಂದು. ತನಗೂ ತನ್ನ ಜೋಡಿದಾರನಿಗೂ ಇದ್ದ ಗುಟ್ಟು ಅದು. ನಂಜ ಅದನ್ನು ಹುಲ್ಲಿನ ಮೂಟೆಯ ಮೇಲೆ ಮಾಡಿ ತೋರಿಸಿದ. ಮೂಟೆಯ ಹೊಲಿಗೆ ಬಿಟ್ಟುಹೋಯಿತು. ಮೂವರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ದಿನವೂ ಕೊನೆಯಲ್ಲಿ ಒಂದೆರಡು ಸಲ ಅದೂ ಇರುತ್ತಿತ್ತು, ತಮಾಷೆಗೆ.

ನಂಜ ಚೆನ್ನಾಗಿ ಆಡುತ್ತಿದ್ದ. ನಾನೂ ಚೆನ್ನಾಗಿಯೇ ಆಡುತ್ತಿದ್ದೆ. ಆದರೆ ಜನ ನನ್ನ ಆಟ ನೋಡಿ ಅವನ ಕಡೆ ತಿರುಗುತ್ತಿದ್ದರು, ಅವನ ಆಟ ನೋಡಿದ ಮೇಲೆ ನನ್ನ ಕಡೆ ಯಾರೂ ತಿರುಗುತ್ತಿರಲಿಲ್ಲ. ಅವನಿಗೆ ಅದು ಗೊತ್ತೇ ಇರಲಿಲ್ಲ. ಗೊತ್ತಿದ್ದು ಮೆರೆದಿದ್ದರೆ ನನಗೆ ಸುಲಭವಾಗುತ್ತಿತ್ತು. ಎಲ್ಲದರಲ್ಲೂ ಸಮಪಾಲು ಸಿಗುತ್ತಿದ್ದ ಮನೆಯಲ್ಲಿ ಇದೊಂದರಲ್ಲಿ ನನಗೆ ಕಡಿಮೆ ಬಂದಿತ್ತು, ಮತ್ತು ಇದನ್ನು ಕೊಟ್ಟವರು ಯಾರೆಂದು ಬೈಯಲೂ ಆಗುತ್ತಿರಲಿಲ್ಲ. ಚಿಕ್ಕಪ್ಪ ನಮ್ಮ ಆಟ ನೋಡುವಾಗ ಬೀಡಿ ಹೊತ್ತಿಸುವುದನ್ನು ಮರೆಯುತ್ತಿದ್ದುದು ನಂಜ ನುಗ್ಗುವಾಗ ಮಾತ್ರ. ನಾನು ಅದನ್ನೇ ಕಾಯುತ್ತಿದ್ದೆ, ಬೆಂಕಿಕಡ್ಡಿಯ ಆ ಸಣ್ಣ ಸದ್ದನ್ನು. ನನ್ನ ಸರದಿಯಲ್ಲಿ ಅದು ತಪ್ಪದೆ ಕೇಳಿಸುತ್ತಿತ್ತು. ಒಂದು ದಿನ ಮಾದೇಶಣ್ಣ ಹೊರಡುವಾಗ ತನ್ನ ಮಂಡಿಯ ಪಟ್ಟಿಯನ್ನು ಬಿಚ್ಚಿ ನಂಜನ ಕಾಲಿಗೆ ಏರಿಸಿದ. ಬೆವರಿಗೂ ಎಣ್ಣೆಗೂ ಕಪ್ಪಾಗಿದ್ದ, ಅಂಚು ಜೂಲುಜೂಲಾದ ಪಟ್ಟಿ. ನನ್ನ ತಲೆ ಸವರಿ, ನಿಂಗೆ ಮುಂದ್ಲ ಸಲ ತತ್ತೀನಿ ಎಂದ. ಆ ರಾತ್ರಿ ನಂಜ ಅದನ್ನು ಬಿಚ್ಚಿ, ಒಂದು ದಿನ ನಿನಗೆ ಒಂದು ದಿನ ನನಗೆ ಎಂದು ನನ್ನ ದಿಂಬಿನ ಪಕ್ಕ ಇಟ್ಟ. ನಾನು ಅದನ್ನು ಅವನ ಕಡೆಗೆ ಕಾಲಿನಿಂದ ತಳ್ಳಿದೆ.

ನಾವು ಹತ್ತನೆಯ ತರಗತಿಯಲ್ಲಿದ್ದಾಗ ಮಳವಳ್ಳಿಯಲ್ಲಿ ಹೈಸ್ಕೂಲುಗಳ ಪಂದ್ಯ ನಡೆಯಿತು. ಮೈಸೂರಿನಿಂದ ಒಬ್ಬ ತರಬೇತುದಾರರು ನೋಡಲು ಬರುತ್ತಾರೆ, ಒಂದೊಂದು ಶಾಲೆಯಿಂದ ಒಬ್ಬನನ್ನು ಆರಿಸಿ ಹಾಸ್ಟೆಲಿನಲ್ಲಿಟ್ಟು ಓದಿಸಿ ಆಟ ಕಲಿಸುತ್ತಾರೆ ಎಂದು ಮೇಷ್ಟ್ರು ಹೇಳಿದ್ದರು. ಆ ಒಬ್ಬ ಯಾರೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಚಿಕ್ಕವ್ವ ಆಗಲೇ ಒಂದು ಟ್ರಂಕು ತೊಳೆದು ಬಿಸಿಲಿಗಿಟ್ಟಿದ್ದಳು. ನನ್ನ ಅವ್ವ ಅದರ ಪಕ್ಕ ನಿಂತು, ನೀನೂ ಚೆಂದಾಗಿ ಆಡಪ್ಪ ಎಂದಳು. ಆ 'ನೀನೂ' ಎಂಬುದು ಮಳವಳ್ಳಿಯ ತನಕ ನನ್ನ ಜೊತೆ ಬಸ್ಸಿನಲ್ಲಿ ಬಂತು.

ಮಧ್ಯಾಹ್ನದ ಬಿಸಿಲು. ಸುಣ್ಣದ ಗೆರೆಗಳು ಕಣ್ಣು ಕುಕ್ಕುತ್ತಿದ್ದವು. ತರಬೇತುದಾರರು ಬಿಳಿ ಟೋಪಿ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು, ತೊಡೆಯ ಮೇಲೆ ಒಂದು ಪುಸ್ತಕ. ನಂಜ ಅಂದು ದೇವರ ಹಾಗೆ ಆಡಿದ. ಎರಡು ಸಲ ಅಮುಕುತ್ತಿದ್ದೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎದುರಾಳಿಯ ಹಿಮ್ಮಡಿ ಅವನ ಕೈಯಲ್ಲಿರುತ್ತಿತ್ತು. ಪ್ರತಿ ಸಲವೂ ಬೆಂಚಿನ ಮೇಲಿನ ಪೆನ್ನು ಓಡಾಡುತ್ತಿತ್ತು. ಅಮುಕಿದ್ದು ನಾನು, ಬರೆದುಕೊಂಡಿದ್ದು ಅವನ ಹೆಸರು. ಆಟ ಮುಗಿಯಲು ಸ್ವಲ್ಪವೇ ಹೊತ್ತಿದ್ದಾಗ ಆ ಕಡೆಯಿಂದ ಒಬ್ಬ ಸಣಕಲು ಹುಡುಗ ದಾಳಿಗೆ ಬಂದ. ಬನಿಯನ್ನಿನ ಭುಜ ಹರಿದಿತ್ತು. ಉಸಿರು ಸಾಲದೆ ಕಬಡ್ಡಿ ಕಬಡ್ಡಿ ಎಂಬುದು ಪಿಸುಮಾತಾಗಿತ್ತು. ಸುಮ್ಮನೆ ಬಿಟ್ಟಿದ್ದರೂ ಅವನು ಔಟಾಗುತ್ತಿದ್ದ. ನನ್ನ ಅಂಗೈಯಲ್ಲಿ ನಂಜನ ಅಂಗೈ ಬೆಚ್ಚಗೆ, ನಂಬಿಕೊಂಡು ಕೂತಿತ್ತು. ನಾನು ಒಮ್ಮೆ ಬೆಂಚಿನ ಕಡೆ ನೋಡಿದೆ. ಆಮೇಲೆ ಮೂರು ಸಲ ಅಮುಕಿದೆ.

ತಪ್ಪಿ ಅಮುಕಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ತಪ್ಪಿ ಅಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಒಂದು ಚೂರು ಹೊತ್ತಿತ್ತು, ಆ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೇನೆಂದು ನನಗೆ ಗೊತ್ತಿತ್ತು. ನಂಜನ ಮೈ ಕಲಿತದ್ದನ್ನು ಮಾಡಿತು. ಹುಡುಗ ಕೆಳಗೆ ಬಿದ್ದ, ನಂಜನ ಮಂಡಿ ಅವನ ಭುಜದ ಮೇಲೆ ಬಿತ್ತು. ಒಣಗಿದ ಜೋಳದ ದಂಟು ಮುರಿದಂಥ ಒಂದು ಸದ್ದು. ಹುಡುಗ ಕಿರುಚಲೂ ಇಲ್ಲ, ಬಾಯಿ ತೆರೆದುಕೊಂಡು ಆಕಾಶ ನೋಡುತ್ತಿದ್ದ. ಆಮೇಲೆ ಎರಡೂ ಶಾಲೆಯವರು ಸೇರಿ, ನಮ್ಮೂರ ಬಯಲಲ್ಲಿ ನಾವು ಆಡುತ್ತಿದ್ದ ಜಗಳವನ್ನೇ ಅಲ್ಲಿ ಆಡಿದೆವು. ಈ ಸಲ ಎಲ್ಲವೂ ನಿಜ. ಮೇಷ್ಟ್ರುಗಳು ಬಿಡಿಸುವ ಹೊತ್ತಿಗೆ ಬೆಂಚು ಖಾಲಿಯಾಗಿತ್ತು. ನಂಜನನ್ನು ಆ ವರ್ಷದ ಎಲ್ಲ ಆಟಗಳಿಂದ ಹೊರಗಿಟ್ಟರು. ಅವನ ಬದಲು ನನ್ನನ್ನೇನೂ ಆರಿಸಲಿಲ್ಲ. ನಮ್ಮ ಶಾಲೆಯಿಂದ ಯಾರನ್ನೂ ಆರಿಸಲಿಲ್ಲ.

ಮನೆಯಲ್ಲಿ ಚಿಕ್ಕಪ್ಪ ನಂಜನನ್ನು ಹೊಡೆಯಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ನಿಂತು ಒಂದೇ ಮಾತು ಕೇಳಿದ, ಯಾರ್ಲಾ ಕಲ್ಸಿದ್ದು ನಿಂಗೆ ಎಂದು. ನಂಜ ನನ್ನ ಕಡೆ ನೋಡಿದ, ಒಂದೇ ಸಲ. ಅವನ ಬಲಗೈ ತನ್ನಷ್ಟಕ್ಕೆ ಮುಚ್ಚಿಕೊಂಡದ್ದು ನನಗೆ ಕಂಡಿತು. ಆಮೇಲೆ ನೆಲ ನೋಡುತ್ತಾ ಹೇಳಿದ:

"ಮಾದೇಸಣ್ಣ ಆಡದ್ನ ನೋಡಿದ್ದೆ. ಅಂಗೇ ಆಗೋಯ್ತು."

ಇಂಥವರನ್ನು ನೋಡಿಯೇ ಹುಡುಗರು ಕೆಡುವುದು ಎಂದು ಚಿಕ್ಕಪ್ಪ ಹೇಳಿದ್ದು ಆಗಲೇ. ಚಿಕ್ಕವ್ವ ಹೌದೆಂದಳು, ನನ್ನ ಅವ್ವ ಹೌದೆಂದಳು, ನಾನೂ ತಲೆಯಾಡಿಸಿದೆ. ಹದಿನೈದು ದಿನದ ಮೇಲೆ ಮಾದೇಶಣ್ಣ ಎಂದಿನ ಹಾಗೆ ಚೀಲ ಹೆಗಲಿಗೇರಿಸಿಕೊಂಡು ಬಂದ. ಅದರಲ್ಲಿ ನನಗೆಂದು ಹೊಸ ಮಂಡಿ ಪಟ್ಟಿ ಇತ್ತು. ಚಿಕ್ಕಪ್ಪ ಅವನಿಗೆ ಊಟಕ್ಕೆ ಹಾಕಿಸಿ, ಉಂಡು ಕೈ ತೊಳೆದ ಮೇಲೆ, ಇನ್ನು ಈ ಹೊಸ್ತಿಲು ತುಳೀಬೇಡ ಎಂದ. ಮಾದೇಶಣ್ಣನಿಗೆ ಮಳವಳ್ಳಿಯ ಸುದ್ದಿ ಗೊತ್ತಿರಲಿಲ್ಲ. ಕೇಳಿದ ಮೇಲೆ ಬಹಳ ಹೊತ್ತು ಟವೆಲಿನಲ್ಲಿ ಒದ್ದೆಯಿಲ್ಲದ ಕೈಯನ್ನು ಒರೆಸಿಕೊಳ್ಳುತ್ತಾ ನಿಂತ.

"ಅಣ್ಣೋ, ನಾನೂ ಚೆಂದಾಗೇ ಆಡ್ತಿದ್ದೆ ಕಣಣ್ಣ, ಮೊದ್‌ಮೊದ್ಲು," ಎಂದ. "ಆಟಕ್ಕೆ ಯಾರೂ ಕರೀನಿಲ್ಲ. ಜಗ್ಳಕ್ಕೆ ಕರುದ್ರು. ನೀವೂ ಅದ್ಕೇ ಅಲ್ವರಾ ಕರುದ್ದು?"

ಮಾದೇಶಣ್ಣ ಪಟ್ಟಿಯನ್ನು ಜಗುಲಿಯ ಮೇಲಿಟ್ಟು ನಡೆದುಬಿಟ್ಟ. ಆಮೇಲೆ ಯಾವ ಆಟಗಾರರೂ ನಮ್ಮ ಮನೆಯಲ್ಲಿ ಇಳಿಯಲಿಲ್ಲ. ಚಾಪೆಗಳನ್ನು ಸುತ್ತಿ ಅಟ್ಟಕ್ಕೆ ಹಾಕಿದರು. ಪಡಸಾಲೆ ಅಷ್ಟು ದೊಡ್ಡದಿತ್ತೆಂದು ನನಗೆ ಆಗಲೇ ಗೊತ್ತಾದದ್ದು. ಚಿಕ್ಕಪ್ಪ ಮಗನ ಜೊತೆ ನೇರ ಮಾತು ಬಿಟ್ಟ. ಗದ್ದೆಗೆ ನೀರು ಕಟ್ಟಬೇಕಾದರೂ, ಅವನಿಗೆ ಹೇಳು ಎಂದು ನನಗೆ ಹೇಳುತ್ತಿದ್ದ. ಮೂರಡಿ ದೂರದಲ್ಲಿ ನಿಂತ ನಂಜನಿಗೆ ನಾನು ಅದನ್ನೇ ಮತ್ತೆ ಹೇಳುತ್ತಿದ್ದೆ. ಬಯಸಿದ್ದೆಲ್ಲ ನನಗೆ ಸಿಕ್ಕಿತ್ತು. ಚಿಕ್ಕಪ್ಪನ ಎಲ್ಲ ಮಾತೂ ನನ್ನ ಮುಖ ನೋಡಿಯೇ. ನಂಜ ಎರಡು ವರ್ಷ ತಡೆದ. ಆಮೇಲೆ ಸೋದರಮಾವನ ಜೊತೆ ಮಳವಳ್ಳಿಯ ಆಚೆ ಬ್ಲಫ್ ಎಂಬ ಊರಿಗೆ ಹೋಗಿ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಕೂಲಿಗೆ ಸೇರಿ, ಅಲ್ಲೇ ಕಾಯಂ ಆಗಿ, ಅಲ್ಲೇ ಉಳಿದುಬಿಟ್ಟ. ಚಿಕ್ಕವ್ವ ಆ ಟ್ರಂಕನ್ನು ಕೊನೆಗೆ ಈ ಕೂಲಿಗೆ ಹೊರಟವನಿಗೆ ಕೊಟ್ಟು ಕಳಿಸಿದಳು.

ಚಿಕ್ಕಪ್ಪ ಸಾಯುವ ಮುಂಚೆ ಮೂರು ತಿಂಗಳು ಹಾಸಿಗೆ ಹಿಡಿದಿದ್ದ. ಅವನಿಗೆ ಗಂಜಿ ಕುಡಿಸುತ್ತಿದ್ದವನು ನಾನು. ಒಂದು ಬೆಳಿಗ್ಗೆ ನನ್ನ ಮಣಿಕಟ್ಟು ಹಿಡಿದುಕೊಂಡು, "ನೀನಾರ ನಮ್ಮನೆ ಮರ್ವಾದೆ ಉಳುಸ್ದೆ ಕಣ್ಲಾ ಸಿವ" ಎಂದ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನಾನು ಅವನ ತುಟಿ ಒರೆಸಿ ಲೋಟ ಎತ್ತಿಕೊಂಡು ಎದ್ದು ಬಂದೆ. ಮಳವಳ್ಳಿಯಲ್ಲಿ ಮಾಡಿದ್ದಕ್ಕೆ ನನಗೆ ಹದಿನಾರು ವರ್ಷ ಎಂಬ ನೆವ ಇತ್ತು. ಆ ಬೆಳಿಗ್ಗೆ ನನಗೆ ನಲವತ್ತು.

ಆ ಮನೆ ಈಗ ಇಲ್ಲ. ಹೆದ್ದಾರಿ ಅಗಲ ಮಾಡುವಾಗ ಹಿತ್ತಲಿಂದ ಶುರುಮಾಡಿ ಜಗುಲಿಯ ತನಕ ಎಲ್ಲ ಹೋಯಿತು. ಮಣ್ಣು ಮಾಡಿದ್ದ ಜಾಗವೂ ಹೋಯಿತು, ಚಿಕ್ಕಪ್ಪ ಚಿಕ್ಕವ್ವ ಅವ್ವ ಮೂವರದೂ. ಮೈಸೂರು ಕಡೆಗೆ ಹೋಗುವ ಕಾರುಗಳು ನಮ್ಮ ಪಡಸಾಲೆಯನ್ನು ಒಂದು ಉಸಿರಿಗೂ ಮುಂಚೆ ದಾಟಿಬಿಡುತ್ತವೆ. ಆಗೊಮ್ಮೆ ಈಗೊಮ್ಮೆ ರಸ್ತೆಯ ಈಚೆ ನಿಂತು ಇಲ್ಲಿ ಒಲೆ, ಇಲ್ಲಿ ಕಣಜ, ಇಲ್ಲಿ ಮೊದಲ ಚಾಪೆ ಎಂದು ಗುರುತು ಹಿಡಿಯಲು ನೋಡುತ್ತೇನೆ. ಟಾರು ಎಲ್ಲಾ ಕಡೆಯೂ ಒಂದೇ ಬಣ್ಣ.

ಟಿವಿ ನೋಡಿದ ಮಾರನೆಯ ದಿನ ನಾನು ಬ್ಲಫ್‌ಗೆ ಹೋದೆ. ನಂಜ ರಿಟೈರಾಗಿ ಅಲ್ಲೇ ಹತ್ತಿರ ಸಣ್ಣ ಮನೆ ಕಟ್ಟಿಕೊಂಡಿದ್ದಾನೆ. ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದ. ನಾನೂ ಪಕ್ಕದಲ್ಲಿ ಕೂತು ಬಿಡಿಸತೊಡಗಿದೆ. ಅರ್ಧ ಮೊರ ತುಂಬಿದ ಮೇಲೆ ಹೇಳಿದೆ. ಸರಿಯಾದ ಮಾತು ಬರಲಿಲ್ಲ, ಮೂರು ಸಲ ಅಮುಕಿದ್ದು ಬೇಕೂಂತಲೇ ಎಂದಷ್ಟೇ ಹೇಳಲಾಯಿತು. ಅವನು ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ತು ಬುಡು," ಎಂದ. "ಅಮುಕ್ದೋನು ನೀನು. ಮಂಡಿ ನಂದಲ್ವಾ?"

ಇನ್ನೊಂದಿಷ್ಟು ಕಾಯಿ ಮುಂದಕ್ಕೆಳೆದುಕೊಂಡು, "ಅಪ್ಪಂಗೆ ಯೋಳಿದ್ದಿದ್ರೆ ಚೆಂದಾಗಿತ್ತು ಕಣ್ಲಾ" ಎಂದ. ಸಿಟ್ಟಿನಲ್ಲಿ ಹೇಳಲಿಲ್ಲ. ಊರಲ್ಲಿ ಮಳೆ ಬಂದಿದ್ದರೆ ಚೆನ್ನಾಗಿತ್ತು ಎನ್ನುವ ಹಾಗೆ ಹೇಳಿದ. ಆಮೇಲೆ ತಾನಾಗಿ ಆ ಹುಡುಗನ ಮಾತು ತೆಗೆದ. ಅವನ ಹೆಸರು ಚಿಕ್ಕಲಿಂಗಯ್ಯ. ಭುಜದ ಮೂಳೆ ಸರಿಯಾಗಿ ಕೂಡಲಿಲ್ಲ, ಬಲಗೈ ತಲೆಯಿಂದ ಮೇಲಕ್ಕೆ ಏಳುವುದಿಲ್ಲ. ಮಳವಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ ಟೈಲರ್ ಅಂಗಡಿ ಇಟ್ಟುಕೊಂಡಿದ್ದಾನೆ. ನಂಜ ಮೊದಲ ಸಂಬಳ ಬಂದಾಗ ಹುಡುಕಿಕೊಂಡು ಹೋಗಿ ಅವನ ಕಾಲು ಹಿಡಿದಿದ್ದನಂತೆ. ಅಂದಿನಿಂದ ಇವನ ಮನೆಯ ಬಟ್ಟೆಯೆಲ್ಲ ಅಲ್ಲೇ. ಅವನ ಮಗಳ ಮದುವೆಗೆ ಇವನು ಮೂರು ದಿನ ಮುಂಚೆ ಹೋಗಿದ್ದ. ಇವನ ಮಗನ ಮದುವೆಗೆ ಅವನು ಎಡಗೈಯಲ್ಲಿ ಅಕ್ಷತೆ ಹಾಕಿದ. ಇದನ್ನೆಲ್ಲ ನಂಜ ನಗುತ್ತಾ ಹೇಳುತ್ತಿದ್ದ, ಹಳೆಯ ಗೆಳೆಯನ ಬಗ್ಗೆ ಹೇಳುವವನಂತೆ. "ಓಗುವಾಗ ಇಳ್ದು ಮಾತಾಡ್ಸು. ಒಳ್ಳೆ ಮನ್ಸ. ನಿನ್ನ ಎಸ್ರು ನಾನೇನೂ ಯೋಳಿಲ್ಲ ಅವಂಗೆ," ಎಂದ.

ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕೂ ಮೊದಲು ಬಂದದ್ದು ಆ ಹಳೆಯ ಹೊಟ್ಟೆಕಿಚ್ಚೇ, ಎಪ್ಪತ್ತು ದಾಟಿದ ಈ ಒಡಲಿನಲ್ಲಿ ಒಂದಿಷ್ಟೂ ಆರದೆ. ನನ್ನ ತಪ್ಪನ್ನು ಅವನು ಹೊತ್ತ, ಅದಕ್ಕೆ ಕ್ಷಮೆ ಕೇಳಿದ, ಅದರಿಂದ ಒಬ್ಬ ಗೆಳೆಯನನ್ನೂ ಸಂಪಾದಿಸಿಕೊಂಡ. ನನಗೆ ಅದರಲ್ಲೂ ಕಡಿಮೆ ಬಂತು.

ಅವನ ಹೆಂಡತಿ ಅವರೆಕಾಳಿನ ಸಾರು ಮಾಡಿದಳು. ಉಂಡು, ನಾಲ್ಕು ಗಂಟೆಯ ಬಸ್ಸು ಹತ್ತಿದೆ. ನಂಜ ಕಿಟಕಿಯ ತನಕ ಬಂದು ನಿಂತಿದ್ದ. ಮಳವಳ್ಳಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಮೂರು ಟೈಲರ್ ಅಂಗಡಿಗಳಿದ್ದವು. ಮಧ್ಯದ್ದರಲ್ಲಿ ಬಿಳಿ ತಲೆಯ ಒಬ್ಬ ಮನುಷ್ಯ, ಮೇಲೆ ನೇತುಹಾಕಿದ್ದ ಅಂಗಿಯನ್ನು ಎಡಗೈಯಲ್ಲಿ ಕೋಲು ಹಿಡಿದು ಇಳಿಸುತ್ತಿದ್ದ. ನಾನು ಎದ್ದು ಬಾಗಿಲ ತನಕ ಹೋದೆ. ಕಂಡಕ್ಟರ್, ಇಳೀತೀರಾ ಯಜಮಾನ್ರೆ ಎಂದು ಕೇಳಿದ. ಟಿಕೆಟು ಮದ್ದೂರಿಗೆ ಇದೆ ಎಂದು ಹೇಳಿ ನಾನು ಬಂದು ನನ್ನ ಸೀಟಿನಲ್ಲಿ ಕೂತೆ.